ಹಾಜರಿ ಪುಸ್ತಕ ಮತ್ತು ಹತ್ತಿ ಸುಗ್ಗಿ

ನವಲಗುಂದದ ಎರೆಹೊಲಗಳಲ್ಲಿ ಹತ್ತಿ ಒಡೆದ ಸುದ್ದಿ ನನಗೆ ತಿಳಿಯುವುದು ಎಂಟನೆಯ ತರಗತಿಯ ಹಾಜರಿ ಪುಸ್ತಕದಿಂದ. ಹುಡುಗಿಯರ ಹೆಸರಿನ ಮುಂದೆ ಸಾಲುಸಾಲಾಗಿ ಗೈರು. ಕೇಳಿದರೆ, 'ಅವ್ವ ಹತ್ತಿ ಬಿಡಿಸಾಕ ಹೋಗ್ಯಾಳ್ರಿ ಸರ್, ತಮ್ಮನ್ನ ನಾನ ಹಿಡೀಬೇಕ್ರಿ' ಎಂಬ ಉತ್ತರ.

ಅಂಗನವಾಡಿ ಇದೆಯಲ್ಲ ಎನ್ನುತ್ತೀರಿ. 1975ರಲ್ಲಿ ಶುರುವಾದ ಆ ಯೋಜನೆಯಲ್ಲಿ ಕೂರಿಸಿಕೊಂಡು ಕಲಿಸುವುದು ಮೂರು ವರ್ಷ ತುಂಬಿದವರನ್ನು. ಅದಕ್ಕಿಂತ ಚಿಕ್ಕ ಕೂಸಿಗೆ ಪೌಷ್ಟಿಕ ಆಹಾರ ಮನೆಗೆ ಬರುತ್ತದೆ, ನೋಡಿಕೊಳ್ಳುವ ಕೈ ಬರುವುದಿಲ್ಲ.

2005ರ ಉದ್ಯೋಗ ಖಾತ್ರಿ ಕಾಯ್ದೆ ಇದನ್ನು ಗುರುತಿಸಿತ್ತು. ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳುವ ಒಬ್ಬ ಹೆಂಗಸಿಗೂ ಕೂಲಿ ಕೊಡಬೇಕೆಂದಿತ್ತು. 2023ರಲ್ಲಿ ರಾಜ್ಯ ಸರಕಾರ 4,000 ಗ್ರಾಮ ಪಂಚಾಯಿತಿಗಳಿಗೆ 'ಕೂಸಿನ ಮನೆ' ಘೋಷಿಸಿತು. ಹೆಸರು ಚೆಂದ. ಸುಗ್ಗಿಯಲ್ಲಿ ಆಳುಗಳ ಟಂಟಂ ಊರು ಬಿಡುವ ಮೊದಲೇ ಅದರ ಬಾಗಿಲು ತೆರೆದಿರಬೇಕು, ಅಷ್ಟೆ.

ಮನೆಯಲ್ಲೇ ಕೂಸು ಹಿಡಿದರೆ ಖರ್ಚಿಲ್ಲ ಎಂಬುದು ಊರ ಲೆಕ್ಕ. ಅವ್ವನ ಕೂಲಿ ಮನೆಗೆ ಬರುವುದು ನಿಜ. ಅದರ ಬೆಲೆಯನ್ನು ಮಗಳು ಪಾಠ ಬಿಟ್ಟು ತೆರುತ್ತಾಳೆ. ಮುಂದೆ ಅವಳೂ ಅದೇ ಟಂಟಂ ಹತ್ತುತ್ತಾಳೆ.

ಕಳೆದ ವರ್ಷ ಒಬ್ಬಳು ತಮ್ಮನನ್ನು ಕಂಕುಳಲ್ಲೆತ್ತಿಕೊಂಡೇ ತರಗತಿಗೆ ಬಂದಳು. ನಾನು ಬೇಡವೆನ್ನಲಿಲ್ಲ. ಕೂಸು ಅಯಸ್ಕಾಂತವನ್ನು ಬಾಯಿಗಿಟ್ಟುಕೊಳ್ಳದಂತೆ ತಡೆಯುವುದರಲ್ಲೇ ಅವಳ ಅರ್ಧ ಪಿರಿಯಡ್ ಹೋಯಿತು, ನನ್ನದೂ.