ಸೋತವಳೇ ಕ್ಷಮೆ ಕೇಳುವ ಹಾಡು

ಈ ಸಂಚಿಕೆಯನ್ನು ವಿರಹದ ಹಾಡುಗಳಿಗೆ ಮೀಸಲಿಟ್ಟಿದ್ದೇವೆ. ಬಂದ ಲೇಖನಗಳನ್ನು ಓದುತ್ತ ಹೋದಂತೆ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಯಿತು. ಹಾಡಿನ ಅರ್ಥ ಹುಡುಕುವಾಗ ಬರೆದವರ ಬದುಕನ್ನು ಎಲ್ಲಿಯವರೆಗೆ ಒಳಗೆ ಬಿಟ್ಟುಕೊಳ್ಳಬೇಕು? ಮನೆಯ ಕಥೆ ಒಮ್ಮೆ ಗೊತ್ತಾಯಿತೆಂದರೆ ನಾವು ಹಾಡನ್ನು ಬಿಟ್ಟು ಕಥೆಯನ್ನೇ ಕೇಳತೊಡಗುತ್ತೇವೆ. ಸ್ವೀಡನ್ನಿನ ಅಬ್ಬಾ ತಂಡ 1980ರಲ್ಲಿ ಹೊರತಂದ ‘ದಿ ವಿನ್ನರ್ ಟೇಕ್ಸ್ ಇಟ್ ಆಲ್’ ಹಾಡಿಗೆ ಆಗಿದ್ದು ಇದೇ.

ಆ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. ತಂಡದ ಬಿಯೋರ್ನ್ ಉಲ್ವೇಯಸ್ ಮತ್ತು ಅಗ್ನೇತಾ ಫೆಲ್ಟ್‌ಸ್ಕೂಗ್ 1971ರಲ್ಲಿ ಮದುವೆಯಾದರು. ಇಬ್ಬರು ಮಕ್ಕಳಾದರು. 1979ರ ಆರಂಭದಲ್ಲಿ ತಾವು ಬೇರೆಯಾಗುತ್ತಿದ್ದೇವೆಂದು ಪ್ರಕಟಿಸಿದರು. ಮರುವರ್ಷವೇ ಈ ಹಾಡು ಬಂತು. ರಾಗದಲ್ಲಿ ಬೆನ್ನಿ ಆಂಡರ್ಸನ್ ಜೊತೆಗಿದ್ದರೂ ಮಾತುಗಳು ಬಿಯೋರ್ನ್ ಅವರವು. ಹಾಡಿದ್ದು ಅಗ್ನೇತಾ. ಗಂಡಸು ಹೆಣ್ಣಿನ ದನಿಯಲ್ಲಿ ಪದ್ಯ ಕಟ್ಟುವುದು ನಮಗೇನೂ ಹೊಸದಲ್ಲ. ‘ಮೈಸೂರು ಮಲ್ಲಿಗೆ’ಯಲ್ಲಿ ಕೆ.ಎಸ್. ನರಸಿಂಹಸ್ವಾಮಿಯವರು ತವರಿನಲ್ಲಿರುವ ಹೆಂಡತಿಯ ಬಾಯಲ್ಲಿ ಎಷ್ಟು ಸಹಜವಾಗಿ ಮಾತಾಡಿಸಿದ್ದಾರೆ! ಆದರೆ ಬೇರೆಯಾದ ಗಂಡ ಬರೆದ ಮಾತನ್ನು ಅದೇ ಹೆಂಡತಿ ಮೈಕಿನ ಮುಂದೆ ನಿಂತು ಹಾಡುವ ಪ್ರಸಂಗ ಬೇರೆಯದೇ. ಜನ ಅದನ್ನು ಕಿಟಕಿಯಿಂದ ಇಣುಕಿ ನೋಡುವ ಕುತೂಹಲದಿಂದಲೇ ಕೇಳಿದರು. ಲಾಸೆ ಹಾಲ್‌ಸ್ಟ್ರಮ್ ತೆಗೆದ ವಿಡಿಯೊ ಅಗ್ನೇತಾ ಅವರ ಮುಖಕ್ಕೆ ಕ್ಯಾಮೆರಾ ಅಂಟಿಸಿ ಈ ಕುತೂಹಲಕ್ಕೆ ಇನ್ನಷ್ಟು ಇಂಬು ಕೊಟ್ಟಿತು. ಬೇರೆಯಾದ ನೋವು ಇದರಲ್ಲಿರುವುದು ನಿಜ, ಆದರೆ ಕಥೆ ಕಟ್ಟಿದ್ದು, ನಮ್ಮ ವಿಚ್ಛೇದನದಲ್ಲಿ ಗೆದ್ದವರೂ ಇಲ್ಲ ಸೋತವರೂ ಇಲ್ಲ ಎಂದು ಬಿಯೋರ್ನ್ ಹೇಳುತ್ತಲೇ ಬಂದಿದ್ದಾರೆ. ಕಿವಿಗೊಟ್ಟವರು ಕಡಿಮೆ.

ಅವರ ಮಾತನ್ನು ನಂಬಿ, ಹೆಸರುಗಳನ್ನೆಲ್ಲ ಪಕ್ಕಕ್ಕಿಟ್ಟು ಕೇಳಿ ನೋಡೋಣ. ಹಳೆಯದನ್ನೆಲ್ಲ ಮಾತಾಡುವ ಮನಸ್ಸಿಲ್ಲ ಎನ್ನುತ್ತಲೇ ಹಾಡಿನೊಳಗಿನ ಹೆಣ್ಣು ಮಾತು ಶುರುಮಾಡುತ್ತಾಳೆ. ಆಮೇಲೆ ಸುಮಾರು ಐದು ನಿಮಿಷ ಅದನ್ನೇ ಮಾತಾಡುತ್ತಾಳೆ. ತನ್ನನ್ನು ಬಿಟ್ಟವನ ಮೇಲೆ ಒಂದೇ ಒಂದು ದೂರಿಲ್ಲ. ಮೋಸ ಮಾಡಿದೆ ಎನ್ನುವುದಿಲ್ಲ, ಕೊಟ್ಟ ಮಾತು ಮರೆತೆ ಎನ್ನುವುದಿಲ್ಲ. ಬದಲಿಗೆ ಇಸ್ಪೀಟಿನ ಎಲೆ, ದೇವತೆಗಳು ಉರುಳಿಸುವ ದಾಳ, ತೀರ್ಪುಗಾರರು, ಆಟದ ನಿಯಮ, ಕೂತು ನೋಡುವ ಪ್ರೇಕ್ಷಕರು. ಮದುವೆ ಮುರಿದದ್ದನ್ನು ಹೇಳಲು ಅವಳು ಆರಿಸಿಕೊಂಡಿರುವುದು ಜೂಜುಕಟ್ಟೆಯ ಮತ್ತು ಪಂದ್ಯದ ಮೈದಾನದ ಮಾತು. ಆಟವೆಂದ ಮೇಲೆ ಯಾರ ತಪ್ಪೂ ಇಲ್ಲ, ದಾಳ ಬಿದ್ದ ಹಾಗೆ ಆಯಿತು. ತನ್ನ ಮಾನ ಉಳಿಸಿಕೊಳ್ಳಲು ಅವಳಿಗೆ ಸಿಕ್ಕಿರುವ ಹೊದಿಕೆ ಅದು.

ಆ ಹೊದಿಕೆ ಹಾಡಿನ ನಡುವೆ ಒಮ್ಮೆ ಜಾರುತ್ತದೆ. ಆ ಇನ್ನೊಬ್ಬಳು ನಿನಗೆ ಮುತ್ತು ಕೊಡುವುದು ನನ್ನ ಹಾಗೆಯೇ ಏನು, ಅವಳು ನಿನ್ನ ಹೆಸರು ಹಿಡಿದು ಕರೆದಾಗಲೂ ನಿನಗೆ ಹಾಗೆಯೇ ಅನ್ನಿಸುತ್ತದೆಯೇ ಎಂದು ಕೇಳಿಬಿಡುತ್ತಾಳೆ. ಇಲ್ಲಿ ದಾಳವೂ ಇಲ್ಲ, ದೇವರೂ ಇಲ್ಲ. ಇಬ್ಬರೇ ಇದ್ದ ಕೋಣೆಯ ಮಾತು ಇದು. ಉತ್ತರ ಬರುವುದಿಲ್ಲ. ಅವಳು ಉತ್ತರಕ್ಕೆ ಕಾಯುವುದೂ ಇಲ್ಲ. ನಿಯಮವೆಂದ ಮೇಲೆ ಪಾಲಿಸಲೇಬೇಕಲ್ಲ ಎಂದು ಸೆರಗು ಸರಿಮಾಡಿಕೊಂಡು ಮತ್ತೆ ಆಟದ ಮಾತಿಗೇ ಹೊರಳುತ್ತಾಳೆ.

ಜೂಜು, ಸೋಲು, ಪ್ರಶ್ನೆ ಕೇಳುವ ಹೆಣ್ಣು ಎಂದೊಡನೆ ನಮ್ಮ ಓದುಗರಿಗೆ ಸಭಾಪರ್ವ ನೆನಪಾಗದೆ ಇರದು. ದ್ರೌಪದಿಯೂ ದಾಳದ ಮುಂದೆ ನಿಂತವಳೇ. ತನ್ನನ್ನು ತಾನೇ ಮೊದಲು ಸೋತವನಿಗೆ ನನ್ನನ್ನು ಪಣಕ್ಕೊಡ್ಡುವ ಹಕ್ಕೆಲ್ಲಿಯದು ಎಂದು ಆಟದ ನಿಯಮವನ್ನೇ ಸಭೆಯ ಮುಂದೆ ಹಿಡಿದು ಅಲುಗಾಡಿಸಿದಳು. ಭೀಷ್ಮನೂ ತಡವರಿಸಿದ. ಈ ಹಾಡಿನವಳು ನಿಯಮವನ್ನು ಪ್ರಶ್ನಿಸುವುದಿಲ್ಲ. ಅವಳಿಗೆ ಸಭೆಯಿಂದ ನ್ಯಾಯ ಬೇಕಾಗಿಲ್ಲ, ಬೇಕಾಗಿರುವುದು ಅವನು. ಅದು ಯಾವ ತೀರ್ಪಿನಿಂದಲೂ ಸಿಗುವುದಿಲ್ಲವೆಂದು ಅವಳಿಗೆ ಗೊತ್ತು.

ಕೊನೆಯ ಚರಣದಲ್ಲಿ ವಾದ್ಯಗಳು ಹಿಂದೆ ಸರಿದು ದನಿ ತಗ್ಗುತ್ತದೆ. ಅವನು ಕೈಕುಲುಕಿ ಹೋಗಲು ಬಂದಿದ್ದಾನೆಂದು ಆಗಷ್ಟೇ ತಿಳಿಯುತ್ತದೆ. ಇಷ್ಟು ಹೊತ್ತು ಅವಳು ಒಬ್ಬಳೇ ಕೂತು ಹಲುಬುತ್ತಿರಲಿಲ್ಲ, ಅವನ ಎದುರಿಗೇ ನಿಂತು ಹೇಳುತ್ತಿದ್ದಳು! ನಾನು ಹೀಗೆ ಬಿಗಿದುಕೊಂಡಿರುವುದು ಕಂಡು ನಿನಗೆ ಕಸಿವಿಸಿಯಾಗುತ್ತಿದ್ದರೆ ಕ್ಷಮಿಸು ಎಂದು ಸೋತವಳೇ ಗೆದ್ದವನನ್ನು ಸಮಾಧಾನಪಡಿಸುತ್ತಾಳೆ. ಹಾಡಿನಲ್ಲಿ ಅತಿ ಕ್ರೂರವಾದ ಜಾಗ ಇದು. ಇಲ್ಲಿ ಕ್ರೌರ್ಯ ತೋರುವವರು ಯಾರೂ ಇಲ್ಲ, ಎಲ್ಲರೂ ಸಭ್ಯರು. ರಾಗವೂ ಇದಕ್ಕೆ ತಕ್ಕುದಾಗಿದೆ. ಪಿಯಾನೊ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ, ಹೆಚ್ಚುಕಡಿಮೆ ಎರಡೇ ವರಸೆಗಳು ಸುತ್ತುತ್ತಿರುತ್ತವೆ. ಬಿಡುಗಡೆ ಕೊಡುವ ಹೊಸ ತಿರುವು ಎಲ್ಲೂ ಬರುವುದಿಲ್ಲ.

ಇಷ್ಟನ್ನೂ ಕಾಣಲು ಯಾರ ವಿಚ್ಛೇದನದ ಕಾಗದವನ್ನೂ ತೆರೆಯಬೇಕಾಗಲಿಲ್ಲ. ಹಾಗೆಂದು ಬದುಕಿನ ವಿವರವೆಲ್ಲ ವ್ಯರ್ಥವೆಂದಲ್ಲ. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಕೇಳಿ ಪ್ರಣಯದ ಹಾಡೆಂದುಕೊಳ್ಳುವವರಿದ್ದಾರೆ. ಮಗುವಿನ ಸಾವು, ಎದುರು ಕೂತ ತಾಯಿಯ ನೋಟ ಎಂಬ ಸಂದರ್ಭ ತಿಳಿದ ಮೇಲೆ ಅದರ ಪ್ರತಿಯೊಂದು ಮಾತಿಗೂ ಹೊಸ ಜೀವ ಬರುತ್ತದೆ. ಒಂದು ಕಡೆ ಬದುಕು ಹಾಡನ್ನು ಬಿಚ್ಚಿತು, ಇನ್ನೊಂದು ಕಡೆ ಮುಚ್ಚಿತು. ಹಾಗಾಗಿ ನಮ್ಮ ಲೇಖಕರ ಮುಂದೆ ಒಂದೇ ಒಂದು ಒರೆಗಲ್ಲನ್ನು ಇಟ್ಟಿದ್ದೆವು: ಕವಿಯ ಬದುಕಿನ ವಿವರ ತಿಳಿದ ಮೇಲೆ ಹಾಡಿನ ಹೆಚ್ಚು ಮಾತುಗಳು ಕಿವಿಗೆ ಬೀಳುತ್ತವೆಯೋ, ಕಡಿಮೆಯೋ? ಹೆಚ್ಚಾದರೆ ಆ ವಿವರ ಇರಲಿ, ಕಡಿಮೆಯಾದರೆ ಅದು ಹರಟೆಗೆ ಸಾಕು. ಮುಂದಿನ ಪುಟಗಳನ್ನು ಓದುವಾಗ ಇದೇ ಒರೆಗಲ್ಲಿಗೆ ನಮ್ಮನ್ನೂ ಉಜ್ಜಿ ನೋಡಿ, ಒಪ್ಪದಿದ್ದರೆ ಜಗಳವಾಡಿ ಬರೆಯಿರಿ.

– ಸಂ.