ಊರಿನ ತಂಡವೋ, ಕಾಲೇಜಿನ ತಂಡವೋ?

ಊರಿನ ಯುವಕ ಮಂಡಳದ ಪರ ಕಬಡ್ಡಿ ಆಡಿದ ವಿದ್ಯಾರ್ಥಿ ಕಾಲೇಜು ತಂಡದಲ್ಲಿ ಆಡುವ ಅರ್ಹತೆಯನ್ನು ಕಳೆದುಕೊಳ್ಳುತ್ತಾನೆಯೇ? ಖಾನಾಪುರ ಮತ್ತು ಲೋಂಡಾ ನಡುವಿನ ರೈಲು ಮಾರ್ಗದಲ್ಲಿರುವ ಗುಂಜಿಯಂತಹ ಊರಿಗೆ ಇದು ಸಣ್ಣ ಪ್ರಶ್ನೆಯೇನಲ್ಲ. ಪಶ್ಚಿಮಘಟ್ಟದ ಮಡಿಲಿನ ಈ ಹಳ್ಳಿಗಳ ಹುಡುಗರು ಆಟ ಕಲಿಯುವುದು ಶಾಲೆಯ ಅಂಗಳದಲ್ಲಿ, ಬೆಳೆಯುವುದು ಗಣೇಶೋತ್ಸವ, ಜಾತ್ರೆಗಳ ಪಂದ್ಯಾವಳಿಗಳಲ್ಲಿ. ಕಾಲೇಜು ಅವರ ಬದುಕಿನಲ್ಲಿ ಬರುವುದು ಆ ನಂತರ. ಮೊದಲು ಕೈಹಿಡಿದ ಊರ ತಂಡವೇ ಮುಂದಿನ ಹಾದಿಗೆ ಅಡ್ಡಿಯಾಗುತ್ತದೆ ಎಂದರೆ ಅದಕ್ಕಿಂತ ದೊಡ್ಡ ವಿಪರ್ಯಾಸ ಯಾವುದು?

ನಿಯಮಗಳೇನು ಹೇಳುತ್ತವೆ ಎಂಬುದನ್ನು ಮೊದಲು ನೋಡೋಣ. ಭಾರತೀಯ ವಿಶ್ವವಿದ್ಯಾಲಯಗಳ ಸಂಘ (ಎಐಯು) ನಡೆಸುವ ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟಗಳಲ್ಲಿ ಭಾಗವಹಿಸುವವರು 17ರಿಂದ 25 ವರ್ಷದೊಳಗಿನ, ಪೂರ್ಣಾವಧಿಯ ನೈಜ ವಿದ್ಯಾರ್ಥಿಗಳಾಗಿರಬೇಕು. ಈ ಮಾನದಂಡಗಳ ತಿರುಳು ವಯಸ್ಸು, ದಾಖಲಾತಿ ಮತ್ತು ವ್ಯಾಸಂಗಕ್ಕೆ ಸಂಬಂಧಿಸಿದ್ದು. ರಜೆಯ ದಿನ ವಿದ್ಯಾರ್ಥಿ ಯಾರ ಅಂಗಿ ತೊಟ್ಟು ಕಣಕ್ಕಿಳಿದ ಎಂಬುದು ಅಲ್ಲಿ ಮುಖ್ಯವಾಗುವುದಿಲ್ಲ. ಆದರೂ ‘ಕ್ಲಬ್‌ಗೆ ಆಡಿದರೆ ಕಾಲೇಜಿಗೆ ಆಡುವಂತಿಲ್ಲ’ ಎಂಬ ಮಾತು ನಮ್ಮ ಮೈದಾನಗಳಲ್ಲಿ ನಿಯಮದಷ್ಟೇ ಗಟ್ಟಿಯಾಗಿ ಓಡಾಡುತ್ತದೆ.

ಈ ಭಯದ ಬೇರು ಹಳೆಯದು. ಅಮೆರಿಕದ ಜಿಮ್ ಥೋರ್ಪ್ 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದರು. ಅದಕ್ಕೂ ಮೊದಲು, 1909 ಮತ್ತು 1910ರಲ್ಲಿ, ಅವರು ಸಣ್ಣ ಸಂಭಾವನೆಗೆ ಬೇಸ್‌ಬಾಲ್ ಆಡಿದ್ದರೆಂಬ ಕಾರಣಕ್ಕೆ 1913ರಲ್ಲಿ ಆ ಪದಕಗಳನ್ನು ಕಿತ್ತುಕೊಳ್ಳಲಾಯಿತು. ಮೂಲನಿವಾಸಿ ಸಮುದಾಯದ ಆ ಬಡ ಯುವಕ ತನ್ನ ನಿಜ ಹೆಸರಿನಲ್ಲೇ ಆಡಿದ್ದ. ಅದೇ ಅವನಿಗೆ ಮುಳುವಾಯಿತು. ಒಲಿಂಪಿಕ್ ಸಮಿತಿ ತನ್ನ ತೀರ್ಮಾನವನ್ನು ಬದಲಿಸಿದ್ದು 1982ರಲ್ಲಿ, ಥೋರ್ಪ್ ತೀರಿಕೊಂಡು ಮೂರು ದಶಕಗಳಾಗುತ್ತಿದ್ದಾಗ. ಅವರನ್ನು ಏಕೈಕ ವಿಜೇತರೆಂದು ಒಪ್ಪಿಕೊಂಡದ್ದು 2022ರಲ್ಲಿ.

ಅಮೆರಿಕದ ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಎನ್‌ಸಿಎಎ ಇಂದಿಗೂ ಹಲವು ಆಟಗಳಲ್ಲಿ, ಶೈಕ್ಷಣಿಕ ವರ್ಷದ ನಡುವೆ ಹೊರಗಿನ ತಂಡದ ಪರ ಸ್ಪರ್ಧಿಸುವುದನ್ನು ನಿರ್ಬಂಧಿಸುತ್ತದೆ. ಆದರೆ ಹವ್ಯಾಸಿ ಪರಿಶುದ್ಧತೆಯ ಅದರ ಹಳೆಯ ಸಿದ್ಧಾಂತ ಕುಸಿದಿದೆ. 2021ರ ಜುಲೈನಿಂದ ವಿದ್ಯಾರ್ಥಿಗಳು ತಮ್ಮ ಹೆಸರು, ಚಿತ್ರಗಳ ಬಳಕೆಯಿಂದ ಹಣ ಗಳಿಸಬಹುದು. 2025ರಲ್ಲಿ ನ್ಯಾಯಾಲಯ ಅನುಮೋದಿಸಿದ ಒಪ್ಪಂದದ ನಂತರ ಕಾಲೇಜುಗಳೇ ಅವರಿಗೆ ನೇರವಾಗಿ ಹಣ ನೀಡಬಹುದು. ನಮ್ಮಲ್ಲಿಯೂ 2014ರಲ್ಲಿ ಪ್ರೊ ಕಬಡ್ಡಿ, 2022ರಲ್ಲಿ ಅಲ್ಟಿಮೇಟ್ ಖೋ ಖೋ ಲೀಗ್ ಆರಂಭವಾದವು. ಮಣ್ಣಿನ ಆಟಕ್ಕೂ ಬೆಲೆ ಬಂದಿರುವಾಗ, ಊರ ಪಂದ್ಯಾವಳಿಯ ಬಹುಮಾನವನ್ನು ಕಳಂಕವೆಂಬಂತೆ ಕಾಣುವುದು ಸರಿಯೇ?

ನನ್ನ ದೃಷ್ಟಿಯಲ್ಲಿ, ನಮ್ಮ ವಿದ್ಯಾರ್ಥಿಯನ್ನು ನಿಜವಾಗಿ ಕಾಡುತ್ತಿರುವುದು ಹಾಜರಾತಿ ಮತ್ತು ಪ್ರಮಾಣಪತ್ರಗಳು. ಪದವಿ ಪರೀಕ್ಷೆಗೆ ಕೂರಲು ಸಾಮಾನ್ಯವಾಗಿ ಶೇ 75ರಷ್ಟು ಹಾಜರಾತಿ ಬೇಕು. ವಿಶ್ವವಿದ್ಯಾಲಯದ ಪರ ಆಡಲು ಹೋದವನಿಗೆ ಸಿಗುವ ವಿನಾಯಿತಿ, ಕ್ಲಬ್ ಪರ ಆಡಲು ಹೋದವನಿಗೆ ಸಿಗದು. ಇನ್ನು ಕೇಂದ್ರ ಸರ್ಕಾರದ ಹುದ್ದೆಗಳಿಗೆ ಕ್ರೀಡಾಪಟುಗಳನ್ನು ನೇಮಿಸಿಕೊಳ್ಳುವ ನಿಯಮಗಳು ದೇಶ, ರಾಜ್ಯ, ವಿಶ್ವವಿದ್ಯಾಲಯ ಅಥವಾ ರಾಜ್ಯ ಶಾಲಾ ತಂಡವನ್ನು ಪ್ರತಿನಿಧಿಸಿದವರನ್ನು ಗುರುತಿಸುತ್ತವೆ. ವಿಶ್ವವಿದ್ಯಾಲಯದ ಕ್ರೀಡಾ ಮುಖ್ಯಸ್ಥರ ಸಹಿಯುಳ್ಳ ಪ್ರಮಾಣಪತ್ರಕ್ಕೆ ಅಲ್ಲಿ ಬೆಲೆಯಿದೆ. ಊರ ತಂಡಕ್ಕೆ ಹತ್ತು ಟ್ರೋಫಿ ಗೆದ್ದುಕೊಟ್ಟವನ ಕೈಯಲ್ಲಿ ಅಂತಹ ಕಾಗದವಿರುವುದಿಲ್ಲ. ಹೀಗಾಗಿ ತಪ್ಪು ಮಾಹಿತಿಯಿಂದ ಒಂದು ವರ್ಷ ಕಾಲೇಜು ತಂಡದಿಂದ ಹೊರಗುಳಿದವನು ಒಂದು ನೌಕರಿಯ ಅವಕಾಶವನ್ನೇ ಕಳೆದುಕೊಳ್ಳಬಹುದು. ದುಡಿಮೆಗಾಗಿ ಓದು ಬಿಟ್ಟು, ಮತ್ತೆ ಕಾಲೇಜು ಸೇರಿದ ಬಡ ಹುಡುಗನಿಗೆ 25ರ ವಯೋಮಿತಿ ಎಷ್ಟು ಬೇಗ ಎದುರಾಗುತ್ತದೆಂದು ವಿವರಿಸಬೇಕಿಲ್ಲ.

ಗಡಿ ತಾಲ್ಲೂಕಿನಲ್ಲಿ ಇನ್ನೊಂದು ತೊಡಕೂ ಇದೆ. ಗುಂಜಿಯ ಹುಡುಗನಿಗೆ ಗೋವಾ ದೂರವಲ್ಲ, ಕೊಲ್ಹಾಪುರವೂ ದೂರವಲ್ಲ. ಆದರೆ ಫುಟ್‌ಬಾಲ್‌ನಂತಹ ಆಟದಲ್ಲಿ ಆಟಗಾರನ ಹೆಸರು ಏಕಕಾಲಕ್ಕೆ ಒಂದೇ ಕ್ಲಬ್‌ನಲ್ಲಿ ನೋಂದಣಿಯಾಗಿರಬೇಕು. ಕ್ಲಬ್ ಬದಲಿಸಲು ವರ್ಗಾವಣೆಯ ಪ್ರಕ್ರಿಯೆಯಿದೆ. ಓದದೆ ಹಾಕಿದ ಒಂದು ಸಹಿ ಇಡೀ ಋತುವನ್ನು ನುಂಗಬಲ್ಲದು ಎಂಬುದನ್ನು ಹದಿನೆಂಟರ ಹುಡುಗನಿಗೆ ತಿಳಿಹೇಳುವವರು ಯಾರು?

ಕಾಲೇಜುಗಳ ವಾದದಲ್ಲಿಯೂ ಹುರುಳಿಲ್ಲದಿಲ್ಲ. ಊರ ಪಂದ್ಯದಲ್ಲಿ ಮಂಡಿ ಮುರಿದುಕೊಂಡು ಬಂದವನಿಂದ ಕಾಲೇಜು ತಂಡಕ್ಕೆ ನಷ್ಟ. ಓದುವ ಇಚ್ಛೆಯಿಲ್ಲದವರನ್ನು ಆಟಕ್ಕೆಂದೇ ದಾಖಲಿಸಿಕೊಳ್ಳುವ ಚಾಳಿಯನ್ನು ತಡೆಯಲು ಕಟ್ಟುನಿಟ್ಟಿನ ಅರ್ಹತಾ ನಿಯಮಗಳು ಬೇಕೇ ಬೇಕು. ಅವು ಸಡಿಲವಾದರೆ ಮೊದಲು ಸ್ಥಾನ ಕಳೆದುಕೊಳ್ಳುವವನು ಪ್ರಾಮಾಣಿಕವಾಗಿ ಓದುತ್ತಾ ಆಡುವ ಗುಂಜಿಯಂತಹ ಊರಿನ ಹುಡುಗನೇ. ಆದರೆ ನಕಲಿ ವಿದ್ಯಾರ್ಥಿಯನ್ನು ತಡೆಯಲು ಹೆಣೆದ ಬಲೆಯಲ್ಲಿ ನಿಜವಾದ ವಿದ್ಯಾರ್ಥಿ ಸಿಕ್ಕಿಬೀಳಬಾರದು.

ಪರಿಹಾರಕ್ಕೆ ಕೋಟ್ಯಂತರ ರೂಪಾಯಿಯೇನೂ ಬೇಡ. 2010ರಲ್ಲಿ ಸ್ಥಾಪನೆಯಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಈ ಭಾಗದ ಪದವಿ ಕಾಲೇಜುಗಳ ಹಿರಿಯಣ್ಣನಂತಿದೆ. ಅದೇ ಮೊದಲ ಹೆಜ್ಜೆ ಇಡಲಿ. ಪ್ರವೇಶದ ವೇಳೆಯಲ್ಲಿಯೇ ಅರ್ಹತಾ ನಿಯಮಗಳನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಮೀರದಂತೆ ಮುದ್ರಿಸಿ ಪ್ರತಿ ಕ್ರೀಡಾಪಟುವಿಗೆ ನೀಡಲಿ. ಖಾನಾಪುರದ ಮರಾಠಿ ಮನೆಮಾತಿನ ಮಕ್ಕಳಿಗಾಗಿ ಅದು ಮರಾಠಿಯಲ್ಲಿಯೂ ಇರಲಿ. ಅಂತರ ಕಾಲೇಜು ಪಂದ್ಯಗಳ ದಿನಾಂಕಗಳು ಮುಂಚಿತವಾಗಿ ಪ್ರಕಟವಾದರೆ ಯುವಕ ಮಂಡಳಗಳೂ ಹೊಂದಿಕೊಳ್ಳುತ್ತವೆ. ಜಿಲ್ಲಾ ಮತ್ತು ರಾಜ್ಯ ಸಂಸ್ಥೆಗಳ ಮಾನ್ಯತೆ ಪಡೆದ ಕ್ಲಬ್ ಪಂದ್ಯಾವಳಿಗಳಿಗೆ, ಮುಂಗಡ ಲಿಖಿತ ಅನುಮತಿಯ ಮೇರೆಗೆ, ಮಿತಿಯೊಳಗೆ ಹಾಜರಾತಿ ವಿನಾಯಿತಿ ದೊರೆಯಲಿ. ಅನರ್ಹನೆಂದು ಕೈಬಿಟ್ಟರೆ ಕಾರಣವನ್ನು ಬರಹದಲ್ಲಿ ನೀಡಿ, ಪಂದ್ಯಕ್ಕೆ ಮೊದಲೇ ಇತ್ಯರ್ಥವಾಗುವಂತೆ ಮೇಲ್ಮನವಿಗೆ ಅವಕಾಶವಿರಲಿ.

2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯು ಕ್ರೀಡಾ ವಿವಾದಗಳಿಗೆ ನ್ಯಾಯಾಧಿಕರಣವನ್ನು ರೂಪಿಸಿದೆ. ಸ್ವಾಗತಾರ್ಹವೇ. ಆದರೆ ಹಳ್ಳಿಯ ಆಟಗಾರನ ಭವಿಷ್ಯ ತೀರ್ಮಾನವಾಗುವುದು ದೆಹಲಿಯಲ್ಲಲ್ಲ. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಮೇಜಿನ ಮೇಲೆ. ಆ ಮೇಜಿನ ಮೇಲೆ ಸ್ಪಷ್ಟವಾದ, ಎಲ್ಲರೂ ಓದಬಲ್ಲ ಒಂದು ಕಾಗದ ಇರಲೆಂದು ಕೇಳುವುದು ದೊಡ್ಡ ಬೇಡಿಕೆಯಲ್ಲ. ಮುಂದಿನ ಶೈಕ್ಷಣಿಕ ವರ್ಷದ ಮೊದಲ ಆಯ್ಕೆ ಶಿಬಿರಕ್ಕೆ ಮುನ್ನ ಅದು ಸಿದ್ಧವಾಗಬೇಕು.