ತಾತ ನೋಡಿದ ಬೆಂಚುಗಳು

ಪರೀಕ್ಷೆ ಮುಗಿಯಿತಲ್ಲ ಮಕ್ಕಳೇ? ನಮ್ಮ ಬೀದಿಯಲ್ಲಂತೂ ಬೆಳಿಗ್ಗೆ ಏಳಕ್ಕೇ ಕ್ರಿಕೆಟ್ ಶುರುವಾಗಿಬಿಟ್ಟಿದೆ. ನಿನ್ನೆ ಎದುರುಮನೆಯ ಹುಡುಗ ನಮ್ಮ ಜಗಲಿಗೆ ಬಂದು, ‘ತಾತ, ನಾಳೆ ನಾವು ಬಿಡದಿ ವಂಡರ್‌ಲಾಗೆ ಹೋಗ್ತಿದ್ದೀವಿ. ನಮ್ಮಜ್ಜಿನೂ ಬರ್ತಾರೆ’ ಅಂದ. ಕಾಲಲ್ಲಿ ಫಳಫಳ ಹೊಳೆಯುವ ಶೂ. ‘ಯಾವಾಗ ತಂದದ್ದೋ?’ ಅಂತ ಕೇಳಿದೆ. ‘ಈಗ ತಾನೇ!’ ಅಂತ ಹೆಮ್ಮೆಯಿಂದ ಕಾಲು ಮುಂದೆ ಚಾಚಿದ. ‘ನಾಳೆ ಅದನ್ನು ಹಾಕ್ಕೋಬೇಡ, ಹಳೇದೇ ಇರಲಿ’ ಅಂದೆ. ಅವನ ಮುಖ ಬಾಡಿತು. ಆಮೇಲೆ ಅವನನ್ನು ಕೂರಿಸಿಕೊಂಡು ಒಂದು ಕಥೆ ಹೇಳಿದೆ. ಅದನ್ನೇ ಈ ವಾರ ನಿಮಗೂ ಹೇಳುತ್ತೇನೆ. ಇದು ನನ್ನ ಹಿಮ್ಮಡಿಯ ಕಥೆ. ನಡೆದದ್ದು ಮಾತ್ರ ಬಿಡದಿಯಿಂದ ಬಹಳ ದೂರ, ಅಮೆರಿಕದ ಫ್ಲಾರಿಡಾದಲ್ಲಿ.

2017ರ ಏಪ್ರಿಲ್. ನಾನೂ ನನ್ನಾಕೆಯೂ ಅಟ್ಲಾಂಟಾದಲ್ಲಿರುವ ಮಗನ ಮನೆಗೆ ಹೋಗಿದ್ದೆವು. ನನಗಾಗ ಅರವತ್ತೆಂಟು, ಮೊಮ್ಮಗಳಿಗೆ ಒಂಬತ್ತು. ಅಲ್ಲಿ ಆ ಸಮಯದಲ್ಲಿ ಶಾಲೆಗೆ ಒಂದು ವಾರ ರಜೆ ಕೊಡುತ್ತಾರೆ. ಒರ್ಲಾಂಡೊ ಪಕ್ಕದ ಡಿಸ್ನಿ ವರ್ಲ್ಡ್‌ಗೆ ಮಗ ಮೂರು ದಿನದ ಟಿಕೆಟ್ ತೆಗೆದಿಟ್ಟಿದ್ದ. ಆ ಟಿಕೆಟ್ಟಿನ ಬೆಲೆಯನ್ನು ನಾನು ಗುಟ್ಟಾಗಿ ಅರವತ್ತೈದರಿಂದ ಗುಣಿಸಿ ನೋಡಿದೆ. ಡಾಲರಿಗೆ ಆಗ ಸುಮಾರು ಅಷ್ಟಿತ್ತು. ಗುಣಿಸಿದ ಮೇಲೆ ನನ್ನ ಬಾಯಿ ಕಟ್ಟಿಹೋಯಿತು. ಯಾಕೆಂದರೆ ನನ್ನ ಬಳಿ ಒಂದು ಗುಟ್ಟಿತ್ತು.

ಮೈಸೂರಲ್ಲಿ ಸಂಕ್ರಾಂತಿ ಕಳೆದ ಮೇಲಿಂದ ನನ್ನ ಬಲಗಾಲಿನ ಹಿಮ್ಮಡಿ ನೋಯುತ್ತಿತ್ತು. ಅದೊಂದು ವಿಚಿತ್ರ ನೋವು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಮುಳ್ಳು ನೆಟ್ಟ ಹಾಗೆ. ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಕಡಿಮೆ. ಕೂತು ಎದ್ದರೆ ಮತ್ತೆ ಅದೇ ಮುಳ್ಳು. ಡಾಕ್ಟರು ಹಿಮ್ಮಡಿಯ ಒಂದು ಜಾಗ ಒತ್ತಿದರು. ನಾನು ‘ಅಯ್ಯೋ’ ಅಂದೆ. ಅವರು ‘ಪ್ಲಾಂಟರ್ ಫೇಶಿಯೈಟಿಸ್’ ಅಂದರು. ನಮ್ಮ ಅಂಗಾಲಿನಲ್ಲಿ, ಹಿಮ್ಮಡಿ ಮೂಳೆಯಿಂದ ಕಾಲ್ಬೆರಳುಗಳ ಬುಡದವರೆಗೆ, ಒಂದು ಗಟ್ಟಿ ಪಟ್ಟಿ ಇರುತ್ತದಂತೆ. ಬಿಲ್ಲಿಗೆ ಹೆದೆ ಕಟ್ಟಿದ ಹಾಗೆ. ಒಂದೊಂದು ಪಾದದಲ್ಲೂ 26 ಮೂಳೆಗಳಿವೆ, ಅವು ಕಮಾನಾಗಿ ನಿಲ್ಲುವುದಕ್ಕೆ ಈ ಪಟ್ಟಿಯೂ ಬೇಕು. ಅದು ಹಿಮ್ಮಡಿಗೆ ಅಂಟಿಕೊಂಡಿರುವ ಕಡೆ ಮೇಲಿಂದ ಮೇಲೆ ಜಗ್ಗಿ ಜಗ್ಗಿ ಹಣ್ಣಾದರೆ ಈ ನೋವು. ಕಾಲಿನ ಮೀನಖಂಡ ಬಿಗಿಯಾಗಿದ್ದರೆ ಇನ್ನೂ ಜಾಸ್ತಿ.

ಔಷಧಿಗಿಂತ ಹೆಚ್ಚಾಗಿ ಎರಡು ಕೆಲಸ ಹೇಳಿದ್ದರು. ದಿನಕ್ಕೆ ಎರಡು ಮೂರು ಸಲ ಗೋಡೆಗೆ ಕೈ ಊರಿ, ನೋಯುವ ಕಾಲನ್ನು ಹಿಂದಿಟ್ಟು, ಹಿಮ್ಮಡಿ ಎತ್ತದೆ, ಮೀನಖಂಡ ಎಳೆಯುವ ಹಾಗೆ ಅರ್ಧ ನಿಮಿಷ ಬಾಗಿ ನಿಲ್ಲುವುದು. ಮತ್ತೆ, ಮನೆಯೊಳಗೂ ಬರಿಗಾಲಲ್ಲಿ ಓಡಾಡದೆ ಮೆತ್ತನೆಯ ಚಪ್ಪಲಿ ಹಾಕಿಕೊಳ್ಳುವುದು. ಮೊದಲನೆಯದನ್ನು ಮೂರು ದಿನ ಮಾಡಿ ಬಿಟ್ಟೆ. ಎರಡನೆಯದನ್ನು ಮಾಡಲೇ ಇಲ್ಲ. ದೇವರ ಮನೆ ಇರುವ ಮನೆಯೊಳಗೆ ಚಪ್ಪಲಿಯೇ? ನಮ್ಮಮ್ಮ ನೋಡಿದ್ದರೆ! ಮೂವತ್ತೆಂಟು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವನು ನಾನು, ಈ ಕಾಲು ಯಾವತ್ತೂ ತಕರಾರು ಮಾಡಿರಲಿಲ್ಲ. ಮಾಡುವುದಕ್ಕೆ ಕೆಲಸವೇ ಕೊಟ್ಟಿರಲಿಲ್ಲ ಅನ್ನುವುದು ಬೇರೆ ಮಾತು.

ಇದನ್ನು ಮಗನಿಗೆ ಹೇಳಲಿಲ್ಲ. ಹೇಳಿದರೆ ಪ್ರವಾಸವನ್ನೇ ನಿಲ್ಲಿಸಿಬಿಡುತ್ತಾನೆ, ಅರವತ್ತೈದರಿಂದ ಗುಣಿಸಿದ ಆ ದುಡ್ಡು ದಂಡ ಅನ್ನುವ ಲೆಕ್ಕ. ಹೊರಡುವ ಹಿಂದಿನ ಸಂಜೆ ಅವನೇ ನನಗೊಂದು ಜೊತೆ ಹೊಸ ಶೂ ತಂದುಕೊಟ್ಟ. ಒಳ್ಳೆಯ ಶೂ. ಆದರೆ ನನ್ನ ಕಾಲಿಗೂ ಅದಕ್ಕೂ ಇನ್ನೂ ಪರಿಚಯವಿರಲಿಲ್ಲ.

ಡಿಸ್ನಿ ವರ್ಲ್ಡ್ ಅಂದರೆ ಒಂದು ಪಾರ್ಕು ಅಂದುಕೊಳ್ಳಬೇಡಿ. 1971ರ ಅಕ್ಟೋಬರ್ 1ರಂದು, ಅಂದರೆ ನಾನು ಬ್ಯಾಂಕಿಗೆ ಸೇರಿದ ವರ್ಷ, ಅದು ಶುರುವಾದದ್ದು. ಈಗ ಅಲ್ಲಿ ನಾಲ್ಕು ದೊಡ್ಡ ಪಾರ್ಕುಗಳಿವೆ. ಒಟ್ಟು ಜಾಗ ಹತ್ತಿರ ಹತ್ತಿರ 100 ಚದರ ಕಿಲೋಮೀಟರ್. ಮೊದಲ ದಿನ ನಾವು ಹೋದದ್ದು ಕೋಟೆ ಇರುವ ಮ್ಯಾಜಿಕ್ ಕಿಂಗ್‌ಡಮ್‌ಗೆ. ಕಾರು ನಿಲ್ಲಿಸಿ ಒಂದಷ್ಟು ನಡಿಗೆ, ಟ್ರಾಮ್, ಮತ್ತೆ ನಡಿಗೆ, ದೊಡ್ಡ ದೋಣಿಯಲ್ಲಿ ಕೆರೆ ದಾಟುವುದು, ಮತ್ತೆ ನಡಿಗೆ. ಪಾರ್ಕಿನೊಳಗೆ ಕಾಲಿಡುವ ಮೊದಲೇ ನಮ್ಮ ಮನೆಯಿಂದ ತರಕಾರಿ ಅಂಗಡಿಗೆ ಎರಡು ಸಲ ಹೋಗಿ ಬಂದಷ್ಟಾಗಿತ್ತು.

ಕಾಲಿನ ಕಷ್ಟ ಈ ಪಾರ್ಕುಗಳಿಗೆ ಹುಟ್ಟಿನಿಂದಲೇ ಬಂದದ್ದು. ಇವಕ್ಕೆಲ್ಲ ಅಣ್ಣನಾದ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ 1955ರ ಜುಲೈ 17ರಂದು ತೆರೆದಾಗ, ಆತುರದಲ್ಲಿ ಹಾಕಿದ ಡಾಂಬರು ಬಿಸಿಲಿಗೆ ಮೆತ್ತಗಾಗಿ, ಬಂದ ಹೆಂಗಸರ ಹೈಹೀಲ್ಡ್ ಚಪ್ಪಲಿಗಳು ಹೂತುಹೋದವಂತೆ! ಮೊಮ್ಮಗಳು ಕಾರಿನಲ್ಲಿ ಈ ಕಥೆ ಹೇಳಿ ಬಿದ್ದು ಬಿದ್ದು ನಕ್ಕಿದ್ದಳು. ನಾನೂ ನಕ್ಕಿದ್ದೆ.

ಮಧ್ಯಾಹ್ನದವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಸಾಲುಗಳು. ನಿಮಗೊಂದು ವಿಷಯ ಹೇಳುತ್ತೇನೆ, ಹಿಮ್ಮಡಿ ನೋವಿರುವವರಿಗೆ ನಡೆಯುವುದಕ್ಕಿಂತ ನಿಲ್ಲುವುದು ಕಷ್ಟ. ಒಂದೊಂದು ಆಟಕ್ಕೂ ನಲವತ್ತು ನಿಮಿಷ ಸಿಮೆಂಟಿನ ನೆಲದ ಮೇಲೆ ನಿಲ್ಲಬೇಕು. ಒಂದು ಸಲ ಎಡಗಾಲು, ಒಂದು ಸಲ ಬಲಗಾಲು ಅಂತ ಭಾರ ಬದಲಾಯಿಸುತ್ತಾ ನಿಂತೆ. ಸೊಸೆ, ‘ಮಾವ, ಆಯಾಸ ಆಯ್ತಾ?’ ಅಂತ ಕೇಳಿದಳು. ‘ಛೆ ಛೆ, ನನಗೇನಾಗಿದೆ’ ಅಂದೆ. ರಾತ್ರಿ ಮಗನ ಫೋನು 21 ಸಾವಿರ ಚಿಲ್ಲರೆ ಹೆಜ್ಜೆ ಅಂತ ತೋರಿಸಿತು. ಸುಮಾರು ಹದಿನಾಲ್ಕು ಕಿಲೋಮೀಟರ್.

ಹೋಟೆಲಿನಲ್ಲಿ ಶೂ ಬಿಚ್ಚಿದರೆ ಕಿರುಬೆರಳಿನ ಮೇಲೆ ನೀರುಗುಳ್ಳೆ. ಅದು ಹೊಸ ಶೂವಿನ ಕಾಣಿಕೆ. ಹಿಮ್ಮಡಿ ಬೆಂಕಿ. ನನ್ನಾಕೆಯ ಮಂಡಿನೋವಿನ ಮಾತ್ರೆ ಡಬ್ಬಿಯಿಂದ ಒಂದು ತೆಗೆದು ನುಂಗಿ ಮಲಗಿದೆ. (ಊರಿಗೆ ಬಂದ ಮೇಲೆ ಇದಕ್ಕೆ ಡಾಕ್ಟರಿಂದ ಬೈಸಿಕೊಂಡೆ. ನನಗೆ ರಕ್ತದೊತ್ತಡವಿದೆ. ಇಂಥ ಕೆಲವು ನೋವಿನ ಮಾತ್ರೆಗಳು ಒತ್ತಡ ಏರಿಸುತ್ತವೆ, ಮೂತ್ರಪಿಂಡಕ್ಕೂ ತೊಂದರೆ ಮಾಡಬಹುದು. ಅಜ್ಜ ಅಜ್ಜಿಯರೇ, ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಬೇಡ.)

ಎರಡನೇ ದಿನ ಎಪ್‌ಕಾಟ್. ಬಾಗಿಲಲ್ಲೇ 180 ಅಡಿ ಎತ್ತರದ ದೊಡ್ಡ ಬೆಳ್ಳಿ ಚೆಂಡಿನಂಥ ಕಟ್ಟಡ. ಅದರೊಳಗೆ ಕೂತೇ ಹೋಗುವ ಆಟ, ಹಾಯಾಗಿತ್ತು. ಅದರಾಚೆ, ಪಾರ್ಕಿನ ಹಿಂಭಾಗದಲ್ಲಿ ಒಂದು ಕೆರೆ. ಕೆರೆಯ ಸುತ್ತ ಹನ್ನೊಂದು ದೇಶಗಳ ಅಂಗಳಗಳಿವೆ. ಮೆಕ್ಸಿಕೊ, ನಾರ್ವೆ, ಚೀನಾ, ಜರ್ಮನಿ, ಇಟಲಿ, ಅಮೆರಿಕ, ಜಪಾನ್, ಮೊರಾಕೊ, ಫ್ರಾನ್ಸ್, ಬ್ರಿಟನ್, ಕೆನಡಾ. ನಮ್ಮ ದೇಶ ಇಲ್ಲ. ಒಂದು ಸುತ್ತು ಬಂದರೆ ಹತ್ತಿರ ಹತ್ತಿರ ಎರಡು ಕಿಲೋಮೀಟರ್. ಮಕ್ಕಳಿಗಾಗಿ ಆಗ ಅಲ್ಲಿ ಪಾಸ್‌ಪೋರ್ಟಿನಂಥ ಪುಸ್ತಕ ಮಾರುತ್ತಿದ್ದರು. ಒಂದೊಂದು ದೇಶದಲ್ಲೂ ಅದಕ್ಕೆ ಠಸ್ಸೆ ಹಾಕಿಸಿಕೊಳ್ಳಬಹುದಿತ್ತು. ಮೊಮ್ಮಗಳು ಅದನ್ನು ಎದೆಗವಚಿಕೊಂಡು, ‘ತಾತ, ನೀನು ಬ್ಯಾಂಕಲ್ಲಿ ಹಾಕ್ತಿದ್ದೆಯಲ್ಲ, ಹಾಗೇ. ಇವತ್ತು ಹನ್ನೊಂದೂ ಬೇಕು’ ಅಂದಳು.

ಬಾಗಿಲ ಹತ್ತಿರವೇ ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತಿತ್ತು. ಮಗ ಬೆಳಿಗ್ಗೆ ನನ್ನ ನಡಿಗೆ ಗಮನಿಸಿದ್ದನೋ ಏನೋ, ‘ಅಪ್ಪ, ಒಂದು ತಗೊಳ್ಳೋಣವಾ?’ ಅಂದ. ನನಗೆ ಸಿಟ್ಟೇ ಬಂತು. ‘ನಾನೇನು ಆಸ್ಪತ್ರೆಗೆ ಬಂದಿದ್ದೀನಾ?’ ಅಂದುಬಿಟ್ಟೆ. ಅವನು ಸುಮ್ಮನಾದ.

ಮೆಕ್ಸಿಕೊದಲ್ಲಿ ಒಂದು ಬೆಂಚು ಸಿಕ್ಕಿತು, ಕೂತೆ. ನಾರ್ವೆಯಲ್ಲಿ ಮರದ ಕೆತ್ತನೆ ನೋಡುವ ನೆಪದಲ್ಲಿ ಕೂತೆ. ಚೀನಾದಲ್ಲಿ ಗುಂಡಗಿನ ದೇವಾಲಯದ ಚಾವಣಿ ಅದ್ಭುತವಾಗಿದೆ, ಎಲ್ಲರೂ ನೋಡಿ ಬನ್ನಿ, ನಾನು ಚೀಲ ಕಾಯುತ್ತೇನೆ ಅಂದೆ. ಜರ್ಮನಿಯಲ್ಲಿ ಮೊಮ್ಮಗಳು ಸೊಂಟದ ಮೇಲೆ ಕೈಯಿಟ್ಟು, ‘ತಾತ, ನೀನು ಎಲ್ಲಾ ದೇಶದಲ್ಲೂ ಬರೀ ಬೆಂಚು ನೋಡ್ತಿದ್ದೀಯ!’ ಅಂದಳು. ಎಲ್ಲರೂ ನಕ್ಕರು. ಕೆರೆ ದಾಟಿಸುವ ದೋಣಿಗಳೂ ಇದ್ದವು. ಬಾಯಿಬಿಟ್ಟು ಕೇಳಿದ್ದರೆ ನನ್ನನ್ನು ಅದರಲ್ಲಿ ಕೂರಿಸಿ ಕಳಿಸುತ್ತಿದ್ದರು. ಕೇಳಲಿಲ್ಲ.

ಜಪಾನಿನ ಕೆಂಪು ಕಮಾನಿನ ಹತ್ತಿರ ಬರುವಷ್ಟರಲ್ಲಿ ಹಿಮ್ಮಡಿ ಊರಲಾಗದೆ ತುದಿಗಾಲಲ್ಲಿ ಕುಂಟುತ್ತಿದ್ದೆ. ಕೆರೆಯ ಕಟಕಟೆ ಹಿಡಿದು ನಿಂತೆ. ಮುಂದೆ ಹೋದವರೆಲ್ಲ ವಾಪಸ್ಸು ಬಂದರು. ‘ನೀವು ಹೋಗ್ತಿರಿ, ಹಿಂದೆಯೇ ಬರ್ತೀನಿ’ ಅಂದೆ. ಯಾರೂ ಹೋಗಲಿಲ್ಲ. ಆಗ ಮೊಮ್ಮಗಳು ನನ್ನ ಕಾಲು ನೋಡಿದಳು, ಮುಖ ನೋಡಿದಳು. ಪಾಸ್‌ಪೋರ್ಟನ್ನು ಮೆಲ್ಲಗೆ ಅಜ್ಜಿಯ ಚೀಲದೊಳಗೆ ತುರುಕಿ, ‘ಏಳು ದೇಶ ಸಾಕು ತಾತ. ನನಗೂ ತುಂಬಾ ಸುಸ್ತಾಗಿದೆ. ರೂಮಿಗೆ ಹೋಗೋಣ’ ಅಂದಳು.

ಅವಳಿಗೆ ಸುಸ್ತಾಗಿರಲಿಲ್ಲ ಮಕ್ಕಳೇ. ಎರಡು ನಿಮಿಷದ ಹಿಂದೆ ಕುಣಿಯುತ್ತಾ ಹೋಗುತ್ತಿದ್ದವಳು. ಎರಡು ದಿನದಿಂದ ನಾನು ಹೇಳಿಕೊಂಡು ಬಂದ ಸುಳ್ಳನ್ನೇ ಅವಳು ತಿರುಗಿಸಿ ನನಗೆ ಹೇಳುತ್ತಿದ್ದಳು, ಅದೂ ನನಗಿಂತ ಚೆನ್ನಾಗಿ. ಕ್ಯಾಷು ತಾಳೆಯಾಗದೆ ರಾತ್ರಿ ಒಂಬತ್ತರವರೆಗೆ ಕೂತ ದಿನಗಳಲ್ಲೂ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ.

ಎಲ್ಲ ಹೇಳಿಬಿಟ್ಟೆ. ಸಂಕ್ರಾಂತಿಯಿಂದ ನೋವಿದೆ, ಡಾಕ್ಟರು ಹೇಳಿದ್ದು ಮಾಡಿಲ್ಲ, ನಿನ್ನೆ ರಾತ್ರಿ ಮಾತ್ರೆ ನುಂಗಿದ್ದೀನಿ, ಎಲ್ಲ. ನನ್ನಾಕೆ, ‘ರೀ, ಡಬ್ಬೀಲಿ ಒಂದು ಕಡಿಮೆ ಇದ್ದದ್ದು ನನಗೆ ಗೊತ್ತಿತ್ತು. ನೀವಾಗಿ ಹೇಳಲಿ ಅಂತ ಕಾಯ್ತಿದ್ದೆ’ ಅಂದಳು. ಮಗ ಏನೂ ಅನ್ನಲಿಲ್ಲ. ಫ್ರಾನ್ಸಿಗೂ ಬ್ರಿಟನ್ನಿಗೂ ನಡುವೆ ಪಾರ್ಕಿಗೆ ಇನ್ನೊಂದು ಬಾಗಿಲಿದೆ, ಅಲ್ಲೂ ಗಾಲಿಕುರ್ಚಿ ಸಿಗುತ್ತದೆ. ಓಡಿಹೋಗಿ ತಂದ.

ಕೂರುವಾಗ ಇಡೀ ಫ್ಲಾರಿಡಾ ನನ್ನನ್ನೇ ನೋಡುತ್ತದೆ ಅಂದುಕೊಂಡಿದ್ದೆ. ಒಬ್ಬರೂ ತಿರುಗಿ ನೋಡಲಿಲ್ಲ. ನೋಡಿದ್ದು ನಾನೇ. ಕುರ್ಚಿಯಲ್ಲಿ ಕೂತಾಗ ಕಣ್ಣಿನ ಎತ್ತರಕ್ಕೆ ಬರುವುದು ಬರೀ ಜನರ ಸೊಂಟ, ಬ್ಯಾಗು, ಕೈಯಲ್ಲಿನ ಐಸ್‌ಕ್ರೀಮು. ಹಿಂದಿನ ದಿನ ಮೆರವಣಿಗೆಯ ಹೊತ್ತಿಗೆ ಮೊಮ್ಮಗಳು ‘ಏನೂ ಕಾಣಿಸ್ತಿಲ್ಲ’ ಅಂತ ಹಟ ಮಾಡಿದ್ದಳು, ನಾನು ಗದರಿದ್ದೆ. ಅವಳ ಎತ್ತರದಿಂದ ಲೋಕ ಹೀಗಿರುತ್ತದೆ ಅಂತ ಈಗ ತಿಳಿಯಿತು. ಮೊರಾಕೊ ಠಸ್ಸೆ ಬಿತ್ತು, ಫ್ರಾನ್ಸ್ ಬಿತ್ತು. ಬ್ರಿಟನ್ನಿನಲ್ಲಿ ಅವಳು, ‘ನಾನು ತಳ್ತೀನಿ’ ಅಂತ ಹತ್ತು ಮಾರು ತಳ್ಳಿ ಹೂಕುಂಡಕ್ಕೆ ಗುದ್ದಿಸಿದಳು. ಕೆನಡಾದ್ದು ಬೀಳುವಾಗ ಕತ್ತಲಾಗುತ್ತಿತ್ತು. ಹನ್ನೊಂದನ್ನೂ ನಾನೇ ಎಣಿಸಿ ನೋಡಿ, ಕೊನೆಯ ಪುಟದಲ್ಲಿ ತಾರೀಖು ಹಾಕಿ ಚಿಕ್ಕ ಸಹಿ ಮಾಡಿಕೊಟ್ಟೆ. ಅದು ಅಭ್ಯಾಸ.

ಮೂರನೇ ದಿನ ಬೇರೆ ಥರ ಹೋದೆವು. ಬೆಳಿಗ್ಗೆ ಬೇಗ ಹೋಗಿ, ಬಿಸಿಲೇರುವಾಗ ರೂಮಿಗೆ ಬಂದು ಊಟ ನಿದ್ದೆ ಮುಗಿಸಿ, ಸಂಜೆ ಮತ್ತೆ ಹೋದೆವು. ನಾನು ಮನೆಯಿಂದ ತಂದಿದ್ದ ಹಳೆಯ ಶೂ ಹಾಕಿಕೊಂಡೆ. ಬೊಬ್ಬೆಯನ್ನು ಒಡೆಯದೆ ಪ್ಲಾಸ್ಟರ್ ಸುತ್ತಿದೆ. ಚೀಲದಲ್ಲಿ ಒಂದು ಜೊತೆ ಒಣ ಕಾಲುಚೀಲ ಇಟ್ಟುಕೊಂಡೆವು. ಇದು ನೀರಾಟಕ್ಕೆ ಹೋಗುವ ನಿಮಗೂ ಬೇಕು, ಒದ್ದೆ ಕಾಲುಚೀಲದಲ್ಲಿ ನಡೆದರೆ ಬೊಬ್ಬೆ ಬೇಗ ಏಳುತ್ತದೆ. ಶೂ ಕೊಳ್ಳುವುದಿದ್ದರೆ ಸಂಜೆ ಕೊಳ್ಳಿ, ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಹಾಗೇ, ಪ್ರವಾಸಕ್ಕೆ ಮೊದಲು ಒಂದೆರಡು ವಾರವಾದರೂ ಅದನ್ನು ಬೀದಿಯಲ್ಲಿ ಹಾಕಿಕೊಂಡು ಓಡಾಡಿ. ಸಕ್ಕರೆ ಕಾಯಿಲೆ ಇರುವ ಹಿರಿಯರಂತೂ ರಾತ್ರಿ ಪಾದದ ಅಡಿಭಾಗವನ್ನು ಮೊಮ್ಮಕ್ಕಳ ಕೈಲಿ ನೋಡಿಸಬೇಕು. ಸ್ಪರ್ಶ ಕಡಿಮೆಯಾಗಿರುವ ಕಾಲಿಗೆ ಗಾಯವಾದದ್ದೇ ಗೊತ್ತಾಗುವುದಿಲ್ಲ.

ಹಿಮ್ಮಡಿ ನೋವು ಪೂರ್ತಿ ಹೋಗುವುದಕ್ಕೆ ಮುಂದೆ ಏಳೆಂಟು ತಿಂಗಳೇ ಹಿಡಿಯಿತು. ಗೋಡೆಯ ವ್ಯಾಯಾಮವನ್ನು ತಪ್ಪದೆ ಮಾಡಿದೆ. ಮನೆಯೊಳಗಿನ ಓಡಾಟಕ್ಕೆ ಅಂತಲೇ ನನ್ನಾಕೆ ಬೇರೆ ಒಂದು ಜೊತೆ ಚಪ್ಪಲಿ ತಂದಳು. ಅದು ದೇವರ ಮನೆಯ ಹೊಸಿಲಿನ ಹೊರಗೆ ನಿಲ್ಲುತ್ತದೆ, ಬೀದಿಗೆ ಇಳಿಯುವುದಿಲ್ಲ. ಅಮ್ಮನ ಫೋಟೊ ಇನ್ನೂ ಏನೂ ಅಂದಿಲ್ಲ.

ಆ ಮೂರನೇ ದಿನ ಬೆಳಿಗ್ಗೆಯದು ಹೇಳುವುದು ಮರೆತೆ. ಎದ್ದು ಕಾಲು ಕೆಳಗಿಡಬೇಕು ಅನ್ನುವಷ್ಟರಲ್ಲಿ ಹಾಸಿಗೆಯ ಪಕ್ಕ ಟವೆಲಿನ ಮೇಲೆ ಒಂದು ನೀರಿನ ಬಾಟಲಿ ಮಲಗಿತ್ತು, ಕಲ್ಲಿನ ಹಾಗೆ ಹೆಪ್ಪುಗಟ್ಟಿದ್ದು. ಕಾಲುಚೀಲ ಹಾಕಿಕೊಂಡು ಅಂಗಾಲಿನ ಕೆಳಗೆ ಅದನ್ನು ಹಿಂದೆ ಮುಂದೆ ಹತ್ತು ನಿಮಿಷ ಉರುಳಿಸಿದರೆ ನೋವು ತಗ್ಗುತ್ತದೆ ಅಂತ ಸೊಸೆ ರಾತ್ರಿ ಎಲ್ಲೋ ಓದಿದ್ದಳಂತೆ. (ಸ್ಪರ್ಶ ಸರಿಯಿಲ್ಲದ ಕಾಲಿಗೆ ಇದು ಬೇಡ.) ಬಾಟಲಿಗೆ ಒಂದು ಚೀಟಿ ಅಂಟಿಸಿತ್ತು. ಮೊಮ್ಮಗಳ ಕನ್ನಡ ಅಕ್ಷರ, ಒತ್ತಕ್ಷರವೆಲ್ಲ ತಪ್ಪು. ‘ಇದು ತಾತನ ಹಿಮಡಿಗೆ. ಯಾರೂ ಕುಡಿಬೇಡಿ.’